ಮನೆಯ ಶುಶ್ರೂಷಕರೂ ಕಲಾಚಿಕಿತ್ಸೆಯೂ

ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯ ಮುಂದೆ ಬೆಳಗಿನ ಹೊತ್ತು ಅರ್ಧ ಗಂಟೆ ನಿಂತವರಿಗೆ ಒಂದು ಸಂಗತಿ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಒಳಗೆ ಮಲಗಿರುವ ರೋಗಿಗಳಲ್ಲಿ ಬಹುಮಂದಿಗೆ, ಹೊರಗೆ ರಾತ್ರಿಯೆಲ್ಲ ನಿದ್ದೆಗೆಟ್ಟ ಒಬ್ಬರಾದರೂ ಇರುತ್ತಾರೆ. ಕೈಯಲ್ಲೊಂದು ಫ್ಲಾಸ್ಕು, ಕಂಕುಳಲ್ಲಿ ಎಕ್ಸ್‌ರೇ ಲಕೋಟೆ, ಸೆರಗಿನ ತುದಿಯಲ್ಲಿ ಗಂಟು ಹಾಕಿದ ಔಷಧದ ಚೀಟಿ. ಒಬ್ಬಾಕೆ ತಮಿಳಿನಲ್ಲಿ ಮಾತನಾಡುತ್ತಿದ್ದರೆ ಪಕ್ಕದವರು ಉರ್ದುವಿನಲ್ಲಿಯೂ ಮೂರನೆಯವರು ಕೋಲಾರದ ಕಡೆಯ ಕನ್ನಡದಲ್ಲಿಯೂ ಉತ್ತರ ಕೊಡುತ್ತಿರುತ್ತಾರೆ. ವೈದ್ಯರು ವಿಚಾರಿಸುವುದು ರೋಗಿಯನ್ನು. ಬಂಧುಗಳು ಹಣ್ಣು ತಂದು ಕೊಡುವುದೂ ರೋಗಿಗೇ. ರೋಗಿಯ ತಲೆದಿಂಬಿನ ಬಳಿ ಕುಳಿತವರನ್ನು ‘ನೀವು ಹೇಗಿದ್ದೀರಿ?’ ಎಂದು ಕೇಳುವವರು ಅಪರೂಪ. ಕೇಳಿದರೂ ಅವರು ಹೇಳುವುದು ರೋಗಿಯ ಸಮಾಚಾರವನ್ನೇ.

ಇಂಥವರನ್ನು ಈ ಲೇಖನದಲ್ಲಿ ಮನೆಯ ಶುಶ್ರೂಷಕರೆಂದು ಕರೆದಿದ್ದೇನೆ. ಇವರು ತರಬೇತಿ ಪಡೆದ ದಾದಿಯರಲ್ಲ, ಸಂಬಳ ಪಡೆಯುವವರೂ ಅಲ್ಲ. ಹೆಚ್ಚಿನವರು ಹೆಂಡತಿ, ಸೊಸೆ, ಮಗಳು, ತಾಯಿ. ಕೆಲವೆಡೆ ಗಂಡ ಅಥವಾ ಮಗ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ‘ಆರೈಕೆ ಮಾಡುವವರು’ ಯಾರೆಂಬುದನ್ನು ವ್ಯಾಖ್ಯಾನಿಸಿ, ವೇತನವಿಲ್ಲದೆ ಈ ಕೆಲಸ ಮಾಡುವ ಸಂಬಂಧಿಕರನ್ನೂ ಅದರಲ್ಲಿ ಸೇರಿಸಿತು. ಕಾನೂನು ಅವರನ್ನು ಹೆಸರಿಟ್ಟು ಗುರುತಿಸಿದ್ದು ಸಂತೋಷದ ವಿಷಯವೇ. ಆದರೆ ಅವರ ಸ್ವಂತ ಸ್ವಾಸ್ಥ್ಯಕ್ಕಾಗಿ ನಾವು ಮಾಡಬಹುದಾದುದೇನು, ಅದರಲ್ಲಿಯೂ ಬಣ್ಣ, ಕಾಗದ, ಮಣ್ಣು ಮೊದಲಾದ ಸಾಮಾನ್ಯ ಸಾಮಗ್ರಿಗಳಿಂದ ಸಾಧ್ಯವಾಗುವುದೇನು ಎಂಬುದನ್ನು ಒಬ್ಬ ಚಿತ್ರಕಲಾ ಉಪಾಧ್ಯಾಯನ ದೃಷ್ಟಿಯಿಂದ ವಾಚಕರ ಮುಂದಿಡಲು ಬಯಸುತ್ತೇನೆ.

ನಮ್ಮ ದೇಶದಲ್ಲಿ ರೋಗಿಯ ಜೊತೆಗೆ ಮನೆಯವರನ್ನೂ ಚಿಕಿತ್ಸೆಯ ಭಾಗವಾಗಿ ಕಾಣುವ ಪದ್ಧತಿಗೆ ಒಂದು ಗೌರವದ ಇತಿಹಾಸವಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಸ್ಥಳದ ಅಭಾವವಿದ್ದಾಗ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳೊಡನೆ ಅವರ ಮನೆಯವರನ್ನೂ ಇರಿಸಿಕೊಂಡರು. ಪಾಶ್ಚಾತ್ಯ ಆಸ್ಪತ್ರೆಗಳು ಸಂಬಂಧಿಕರನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದ ಕಾಲದಲ್ಲಿ ನಡೆದ ಈ ಪ್ರಯೋಗವು ಮುಂದೆ ಭಾರತದ ಇತರ ಮಾನಸಿಕ ಚಿಕಿತ್ಸಾಲಯಗಳಿಗೂ ದಾರಿ ತೋರಿತು. ಇದರಿಂದ ರೋಗಿಗೆ ಆದ ಉಪಕಾರ ದೊಡ್ಡದು. ಹಾಗೆಂದು ಮನೆಯವರ ಹೊರೆಯೇನೂ ಇಳಿಯಲಿಲ್ಲ. ಮನೆಯಲ್ಲಿ ಹೊರುತ್ತಿದ್ದುದನ್ನೇ ಅವರು ಆಸ್ಪತ್ರೆಯಲ್ಲಿಯೂ ಹೊರತೊಡಗಿದರು ಎಂದರೆ ಕೃತಘ್ನತೆಯ ಮಾತಾಗಲಾರದೆಂದು ನಂಬಿದ್ದೇನೆ.

ಆ ಹೊರೆಯನ್ನು ಅಳೆಯುವ ಮೊದಲ ಗಂಭೀರ ಪ್ರಯತ್ನಗಳಲ್ಲೊಂದು ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತೆಂಬುದು ಬಹುಮಂದಿಗೆ ತಿಳಿದಿಲ್ಲ. ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಜನರ ಬಾಯಲ್ಲಿ ನಿಮ್ಹಾನ್ಸ್, 1974ರಲ್ಲಿ ರೂಪುಗೊಂಡಿತು. ಅಲ್ಲಿನ ಶೈಲಾ ಪೈ ಮತ್ತು ಡಾ. ಆರ್. ಎಲ್. ಕಪೂರ್ ಅವರು ಮನೋರೋಗಿಗಳ ಮನೆಯವರನ್ನು ಸಂದರ್ಶಿಸಿ ಸಿದ್ಧಪಡಿಸಿದ ಪ್ರಶ್ನಾವಳಿಯೊಂದನ್ನು 1981ರಲ್ಲಿ ಬ್ರಿಟನ್ನಿನ ಮನೋವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಆರು ಕಡೆಗಳಿಂದ ಹೊರೆಯನ್ನು ನೋಡುತ್ತದೆ: ಹಣಕಾಸಿನ ನಷ್ಟ, ಮನೆಯ ದಿನಚರಿಯ ಭಂಗ, ಬಿಡುವಿನ ನಾಶ, ಮನೆಯವರ ಪರಸ್ಪರ ಸಂಬಂಧದ ಕೆಡುಕು, ಉಳಿದವರ ದೇಹಾರೋಗ್ಯ ಮತ್ತು ಅವರ ಮಾನಸಿಕ ಆರೋಗ್ಯ. ಈ ಪಟ್ಟಿಯ ಮೂರನೆಯ ಅಂಶದ ಮೇಲೆ ನಾನು ಬಹಳ ಹೊತ್ತು ಯೋಚಿಸಿದ್ದೇನೆ. ಹಣ ಕಳೆದುಕೊಂಡವರನ್ನು ಕಂಡು ನಾವು ಮರುಗುತ್ತೇವೆ. ನಿದ್ದೆಗೆಟ್ಟವರಿಗೆ ಅನುಕಂಪ ತೋರುತ್ತೇವೆ. ಬಿಡುವು ಕಳೆದುಕೊಂಡುದೂ ಒಂದು ನಷ್ಟವೆಂದು ಲೆಕ್ಕಕ್ಕೆ ಹಿಡಿದವರು ಆ ಇಬ್ಬರು ವಿದ್ವಾಂಸರು. ಮನೆಯಲ್ಲಿ ಕಾಯಿಲೆಯವರನ್ನಿಟ್ಟುಕೊಂಡು ಸಂಜೆ ಹೊರಗೆ ಹೋದ ಸೊಸೆಯನ್ನು ನೆರೆಹೊರೆ ಏನೆನ್ನುತ್ತದೆಂಬುದು ನಮಗೆಲ್ಲ ಗೊತ್ತಿರುವುದರಿಂದ, ಆ ನಷ್ಟವನ್ನು ಬಾಯಿಬಿಟ್ಟು ಹೇಳುವವರೂ ಇಲ್ಲ.

ಇದು ಕೇವಲ ಮನಸ್ಸಿನ ಬೇಸರದ ಮಾತಲ್ಲವೆಂಬುದಕ್ಕೆ ಎರಡು ಅಧ್ಯಯನಗಳನ್ನು ಮಾತ್ರ ಹೇಳುತ್ತೇನೆ. 1995ರಲ್ಲಿ ಅಮೆರಿಕದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಅವರ ಸಹೋದ್ಯೋಗಿಗಳು, ಮರೆವಿನ ರೋಗದ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಂದಿ ಸ್ತ್ರೀಯರ ಚರ್ಮದ ಮೇಲೆ ಒಂದು ಸಣ್ಣ ಗಾಯವನ್ನು ಮಾಡಿ, ಅದು ಮಾಯುವ ದಿನಗಳನ್ನು ಎಣಿಸಿದರು. ಅದೇ ವಯಸ್ಸಿನ, ಅಂಥ ಹೊಣೆಯಿಲ್ಲದ ಸ್ತ್ರೀಯರಿಗಿಂತ ಇವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಬೇಕಾಯಿತು. 1999ರಲ್ಲಿ ಪ್ರಕಟವಾದ ಷುಲ್ಜ್ ಮತ್ತು ಬೀಚ್ ಅವರ ಅಧ್ಯಯನದಲ್ಲಿ, ಸಂಗಾತಿಯ ಆರೈಕೆಯಿಂದ ಒತ್ತಡಕ್ಕೊಳಗಾಗಿದ್ದ ವೃದ್ಧರ ಮರಣದ ಸಂಭವ ನಾಲ್ಕು ವರ್ಷಗಳ ಅವಧಿಯಲ್ಲಿ ಇತರರಿಗಿಂತ ಶೇಕಡಾ 63ರಷ್ಟು ಅಧಿಕವಾಗಿದ್ದಿತು. ಆರೈಕೆ ಮಾಡುತ್ತಿದ್ದರೂ ಒತ್ತಡವನ್ನು ಅನುಭವಿಸದಿದ್ದವರಲ್ಲಿ ಈ ಏರಿಕೆ ಕಾಣಲಿಲ್ಲ. ಅಪಾಯವಿರುವುದು ಸೇವೆಯಲ್ಲಲ್ಲ, ಅದರ ಒತ್ತಡದಲ್ಲಿ ಎಂಬುದನ್ನು ಇಲ್ಲಿ ಗಮನಿಸಬೇಕು.

ಇನ್ನು ಕಲಾಚಿಕಿತ್ಸೆಯ ವಿಚಾರ. ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್ 1938ರಲ್ಲಿ ಕ್ಷಯರೋಗಕ್ಕೆ ತುತ್ತಾಗಿ ಸಸೆಕ್ಸ್ ಪ್ರಾಂತದ ಆರೋಗ್ಯಧಾಮವೊಂದರಲ್ಲಿ ಮಲಗಿದ್ದಾಗ, ಹಾಸಿಗೆಯ ಮೇಲೆಯೇ ಚಿತ್ರ ಬರೆಯುತ್ತ ತನ್ನ ಮನಸ್ಸು ಹಗುರವಾಗುವುದನ್ನು ಕಂಡುಕೊಂಡನು. ಆ ಬಳಿಕ ಜೊತೆಯ ರೋಗಿಗಳಿಗೂ ಅದನ್ನು ಹೇಳಿಕೊಟ್ಟು, 1942ರಲ್ಲಿ ಅದಕ್ಕೆ ‘ಕಲಾಚಿಕಿತ್ಸೆ’ ಎಂಬರ್ಥದ ಹೆಸರನ್ನಿಟ್ಟನು. 1946ರಲ್ಲಿ ನೆದರ್ನ್ ಎಂಬ ಮಾನಸಿಕ ಆಸ್ಪತ್ರೆಯನ್ನು ಸೇರಿದ ಎಡ್ವರ್ಡ್ ಆಡಮ್ಸನ್ ದಶಕಗಳ ಕಾಲ ಅಲ್ಲಿ ಚಿತ್ರಶಾಲೆಯನ್ನು ನಡೆಸಿದನು. ಅವನ ಪದ್ಧತಿ ವಿಶಿಷ್ಟವಾದುದು. ಬಂದವರಿಗೆ ಕಾಗದ, ಬಣ್ಣ ಕೊಡುವನು. ಕಲಿಸಲು ಹೋಗುವುದಿಲ್ಲ, ತಿದ್ದುವುದಿಲ್ಲ, ಬರೆದ ಚಿತ್ರಕ್ಕೆ ಅರ್ಥ ಹೇಳುವುದೂ ಇಲ್ಲ. ಸುಮ್ಮನೆ ಜೊತೆಯಲ್ಲಿರುವನು. ಇದನ್ನು ಓದಿದಾಗ ಉಪಾಧ್ಯಾಯನಾದ ನನಗೆ ಇವನದು ಸೋಮಾರಿತನವಿರಬಹುದೇ ಎಂಬ ಸಂಶಯ ಬಂದುದುಂಟು. ಆ ಸಂಶಯ ನಿವಾರಣೆಯಾದುದು ನನ್ನ ಅಕ್ಕನ ಮನೆಯಲ್ಲಿ.

ಅಕ್ಕನ ಮನೆ ಹಲಸೂರಿನಲ್ಲಿ, ಸೋಮೇಶ್ವರ ದೇವಾಲಯದಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಆಕೆಯ ಅತ್ತೆಯವರಿಗೆ ಮರೆವಿನ ರೋಗ ಹಿಡಿದು ಏಳು ವರ್ಷಗಳಾಗಿದ್ದವು. ಅವರು ರಾತ್ರಿ ಎದ್ದು ‘ನಮ್ಮ ಮನೆಗೆ ಹೋಗಬೇಕು’ ಎಂದು ಹೊರಟುಬಿಡುತ್ತಿದ್ದರು. ಅದೇ ಅವರ ಮನೆಯೆಂದು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಮೊದಲು ಅಂಗಳದ ತುಂಬ ಚುಕ್ಕಿಯ ರಂಗೋಲಿ ಹಾಕುತ್ತಿದ್ದ ಅಕ್ಕ, ಆ ವರ್ಷಗಳಲ್ಲಿ ಹೊಸ್ತಿಲಿಗೆ ಎರಡು ಗೆರೆ ಎಳೆದು ಒಳಗೆ ಓಡುತ್ತಿದ್ದಳು. ಒಂದು ಭಾನುವಾರ ನನ್ನ ಪತ್ನಿ ಆ ವೃದ್ಧೆಯ ಬಳಿ ಕುಳಿತಳು. ನಾನು ಅಕ್ಕನನ್ನು ಹಿಂಬದಿಯ ಪಡಸಾಲೆಯಲ್ಲಿ ಕೂರಿಸಿ, ಡ್ರಾಯಿಂಗ್ ಹಾಳೆಯನ್ನೂ ಮಕ್ಕಳ ಕ್ರೇಯಾನ್ ಪೆಟ್ಟಿಗೆಯನ್ನೂ ಮುಂದಿಟ್ಟೆನು. ಆಕೆ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಕಂದು ಬಣ್ಣ ತೆಗೆದುಕೊಂಡು ಒಂದು ಬಾಗಿಲನ್ನು ಬರೆದಳು. ಬಾಗಿಲಿಗಿಂತ ದೊಡ್ಡದಾದ ಚಿಲಕವನ್ನು ಬರೆದಳು. ಅಭ್ಯಾಸಬಲದಿಂದ ನಾನು, ಚಿಲಕ ಬಾಗಿಲಿನ ಅಳತೆಗೆ ಹೊಂದುವುದಿಲ್ಲವೆಂದೆ. ಆಕೆ ಕ್ರೇಯಾನನ್ನು ಕೆಳಗಿಟ್ಟು, ‘ಇಲ್ಲಿಗೂ ಮೇಷ್ಟ್ರಾಗಿಯೇ ಬಂದೆಯೇನೋ?’ ಎಂದು ಕೇಳಿ ಎದ್ದುಹೋದಳು. ಪ್ರತಿರಾತ್ರಿ ಮೂರು ಸಲ ಎದ್ದು ಆ ಚಿಲಕವನ್ನು ಮುಟ್ಟಿ ನೋಡುವವಳಿಗೆ ಅದರ ಅಳತೆ ಎಷ್ಟಿರಬೇಕೆಂಬುದು ನನಗೆ ಹೊಳೆಯಲಿಲ್ಲ. ಮುಂದಿನ ಭಾನುವಾರ ಹೋಗಿ ಬಾಯಿ ಮುಚ್ಚಿಕೊಂಡು ನಾನೂ ಒಂದು ಹಾಳೆ ಹಿಡಿದು ಪಕ್ಕದಲ್ಲಿ ಕುಳಿತೆ. ಆ ದಿನ ಆಕೆ ಮುಕ್ಕಾಲು ಗಂಟೆ ಬಣ್ಣ ಹಚ್ಚಿದಳು. ಏನು ಬರೆದಳೆಂದು ನಾನು ಕೇಳಲಿಲ್ಲ.

ಆ ಬಳಿಕ ಈ ವಿಷಯದ ಬರಹಗಳನ್ನು ಹುಡುಕಿ ಓದತೊಡಗಿದೆ. ಭಾರತೀಯ ಮೂಲದ ಸಂಶೋಧಕಿ ಗಿರಿಜಾ ಕೈಮಲ್ ಅವರು ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ಮಂದಿ ವಯಸ್ಕರು 45 ನಿಮಿಷ ತಮಗೆ ತೋಚಿದಂತೆ ಬಣ್ಣ, ಜೇಡಿಮಣ್ಣು, ಕಾಗದದ ತುಂಡುಗಳಿಂದ ಏನನ್ನಾದರೂ ಮಾಡಿದರು. ಮೊದಲೂ ಅನಂತರವೂ ಅವರ ಎಂಜಲನ್ನು ಪರೀಕ್ಷಿಸಿದಾಗ, ಒತ್ತಡದ ಸಮಯದಲ್ಲಿ ದೇಹದಲ್ಲಿ ಹೆಚ್ಚುವ ಕಾರ್ಟಿಸಾಲ್ ಎಂಬ ರಸವು ಸುಮಾರು ಮುಕ್ಕಾಲು ಪಾಲು ಜನರಲ್ಲಿ ಇಳಿದಿದ್ದಿತು. ಹಿಂದೆ ಚಿತ್ರಕಲೆಯನ್ನು ಅಭ್ಯಾಸ ಮಾಡಿದವರಿಗೂ ಮಾಡದವರಿಗೂ ಈ ವಿಷಯದಲ್ಲಿ ವ್ಯತ್ಯಾಸವಿರಲಿಲ್ಲ. ‘ನನಗೆ ಚಿತ್ರ ಬರೆಯಲು ಬರುವುದಿಲ್ಲ’ ಎಂಬ ಮಾತನ್ನು ಜೀವಮಾನವಿಡೀ ಕೇಳಿದ ನನಗೆ ಇದು ಅತ್ಯಂತ ಹಿಡಿಸಿತು. 2019ರಲ್ಲಿ ಅವರೇ ಕ್ಯಾನ್ಸರಿನ ವಿಕಿರಣ ಚಿಕಿತ್ಸಾ ವಿಭಾಗವೊಂದರಲ್ಲಿ ಆರೈಕೆ ಮಾಡುವ 34 ಮಂದಿಯ ಮೇಲೆ ಇಂಥದೇ ಇನ್ನೊಂದು ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಕೆಲವರು ಕಲಾಚಿಕಿತ್ಸಕರ ಜೊತೆ ಸ್ವತಂತ್ರವಾಗಿ ಚಿತ್ರ ರಚಿಸಿದರು, ಉಳಿದವರು ಅಚ್ಚಾದ ರೇಖಾಚಿತ್ರಗಳಿಗೆ ಬಣ್ಣ ತುಂಬಿದರು. ಎರಡು ಗುಂಪಿನವರಲ್ಲಿಯೂ ಉದ್ವೇಗ, ಒತ್ತಡಗಳು ಕಡಿಮೆಯಾದವು. ಆದರೆ ಅವರಲ್ಲಿ ಬಹುಪಾಲು ಮಂದಿ ಆಸ್ಪತ್ರೆಯ ವೃತ್ತಿನಿರತರು, ಮನೆಯವರು ಕೆಲವರೇ. ಒಂದೇ ಸಲದ ಕೂಟದಿಂದ ತಿಂಗಳುಗಟ್ಟಲೆಯ ಪರಿಣಾಮವನ್ನು ಊಹಿಸುವುದೂ ತಪ್ಪಾಗುತ್ತದೆ.

ಚಿತ್ರ ಬರೆದರೆ ಎಲ್ಲ ರೋಗವೂ ವಾಸಿಯೆಂಬ ಉತ್ಸಾಹಿಗಳು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳಾದ 417 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಗುಂಪಿನ ಕಲಾಚಿಕಿತ್ಸೆಯಿಂದ ಸಾಮಾನ್ಯ ಚಿಕಿತ್ಸೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಕೂಟಗಳಿಗೆ ಹಾಜರಾದವರೂ ಕಡಿಮೆ. ರೋಗಿಗಳ ಸಂಗತಿ ಬೇರೆ, ಅವರ ಮನೆಯವರ ಸಂಗತಿ ಬೇರೆ ಎಂಬುದು ನಿಜ. ಆದರೂ ಕಲೆಯನ್ನು ಔಷಧದ ಸ್ಥಾನದಲ್ಲಿ ಕೂರಿಸುವ ಮಾತನ್ನು ನಾನಂತೂ ಆಡಲಾರೆ. ನಿಮ್ಹಾನ್ಸ್‌ನಲ್ಲಿ ಮನೋರೋಗಿಗಳ ಮನೆಯವರಿಗೆ ಯೋಗಾಭ್ಯಾಸವನ್ನು ಕಲಿಸಿ ನಡೆಸಿದ, 2013ರಲ್ಲಿ ಪ್ರಕಟವಾದ ಚಿಕ್ಕ ಅಧ್ಯಯನದಲ್ಲಿಯೂ ಅವರ ಹೊರೆಯ ಭಾವನೆ ಇಳಿದು ಜೀವನದ ಗುಣ ಸುಧಾರಿಸಿದುದು ಕಂಡಿತು. ಯೋಗವಾಗಲಿ, ಬಣ್ಣವಾಗಲಿ, ಭಜನೆಯಾಗಲಿ, ಶುಶ್ರೂಷಕರು ಒಂದಿಷ್ಟು ಹೊತ್ತು ತಮ್ಮ ದೇಹವನ್ನೂ ಮನಸ್ಸನ್ನೂ ತಮಗಾಗಿ ತೊಡಗಿಸಿದರೆ ಫಲವುಂಟೆಂದು ತೋರುತ್ತದೆ. ಅದರಲ್ಲಿ ಬಣ್ಣಕ್ಕೆ ಎರಡು ಅನುಕೂಲಗಳಿವೆ. ಮೊದಲನೆಯದು, ಬಾಯಿಂದ ಹೇಳಲಾಗದುದನ್ನು ಅದು ಹೇಳಿಸುತ್ತದೆ. ‘ಅತ್ತೆಯವರು ಬೇಗ ಹೋಗಿಬಿಡಲಿ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ’ ಎಂಬ ಮಾತನ್ನು ಯಾವ ಸೊಸೆ ಯಾರ ಮುಂದೆ ಆಡಿಯಾಳು? ಹಾಳೆಯ ಮೇಲೆ ಕಪ್ಪು ಬಣ್ಣವನ್ನು ಒತ್ತಿ ಒತ್ತಿ ತುಂಬಿದರೆ ಯಾರೂ ಅವಳನ್ನು ಪಾಪಿಯೆನ್ನುವುದಿಲ್ಲ. ಎರಡನೆಯದು ದಂಡುಪ್ರದೇಶದವರಾದ ನಮಗೆ ವಿಶೇಷವಾಗಿ ಸಲ್ಲುವಂಥದು. ಶಿವಾಜಿನಗರ, ಹಲಸೂರು, ಕೃಷ್ಣರಾಜಪುರಗಳಲ್ಲಿ ಹತ್ತು ಮಂದಿ ಶುಶ್ರೂಷಕರನ್ನು ಒಂದೆಡೆ ಸೇರಿಸಿದರೆ ನಾಲ್ಕೈದು ತಾಯ್ನುಡಿಗಳಾಗುತ್ತವೆ. ಮಾತಿನಿಂದಲೇ ನಡೆಯಬೇಕಾದ ಸಭೆ ಅಲ್ಲಿ ಕುಂಟುತ್ತದೆ. ಮಣ್ಣು ಕಲಸಲು ಅನುವಾದಕರು ಬೇಕಾಗಿಲ್ಲ.

ನಗರದ ಪೂರ್ವಭಾಗದಲ್ಲಿ ಶುಶ್ರೂಷಕರ ಹೊರೆಯನ್ನು ಹಗುರಗೊಳಿಸುವ ಸಂಸ್ಥೆಗಳು ಇಲ್ಲದಿಲ್ಲ. 1964ರಲ್ಲಿ ಆರಂಭವಾದ ಮೆಡಿಕೋ ಪ್ಯಾಸ್ಟೊರಲ್ ಅಸೋಸಿಯೇಷನ್ ಪಾಟರಿ ರಸ್ತೆಯಲ್ಲಿ ಮನೋರೋಗದಿಂದ ಚೇತರಿಸಿಕೊಳ್ಳುತ್ತಿರುವವರಿಗಾಗಿ ವಸತಿ ಕೇಂದ್ರವನ್ನು ನಡೆಸಿಕೊಂಡು ಬಂದಿದೆ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ ಸೇರಿ 1994ರಲ್ಲಿ ಹುಟ್ಟುಹಾಕಿದ ಟ್ರಸ್ಟಿನ ‘ಕರುಣಾಶ್ರಯ’ವು ಕುಂದಲಹಳ್ಳಿ ಗೇಟಿನ ಬಳಿ, ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಶುಲ್ಕವಿಲ್ಲದೆ ನೋಡಿಕೊಳ್ಳುತ್ತಿದೆ. 1998ರಲ್ಲಿ ಸ್ಥಾಪಿತವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಕಸ್ತೂರಿನಗರದಲ್ಲಿ ಮರೆವಿನ ರೋಗಿಗಳಿಗೆಂದೇ ಒಂದು ಕೇಂದ್ರವನ್ನು ತೆರೆಯಿತು. ಇಂಥ ಕಡೆಗಳಲ್ಲಿ ರೋಗಿಯನ್ನು ಕೆಲಕಾಲ ಒಪ್ಪಿಸಿ ಉಸಿರು ಬಿಡುವ ಅವಕಾಶ ಸಿಕ್ಕವರು ಪುಣ್ಯವಂತರು. ಆದರೆ ರೋಗಿ ಮನೆಯಲ್ಲಿಯೇ ಇದ್ದು, ಹೊರಗೆ ಕಳುಹಿಸಲು ಮನಸ್ಸಾಗಲಿ ಅನುಕೂಲವಾಗಲಿ ಇಲ್ಲದ ಕುಟುಂಬಗಳೇ ನಮ್ಮಲ್ಲಿ ಹೆಚ್ಚು.

ಅಂಥವರಿಗಾಗಿ ಒಂದು ಚಿತ್ರಕೂಟವನ್ನು ನಡೆಸಬೇಕಾದರೆ ಬೇಕಾಗುವುದೇನು? ಅನುಭವದಿಂದ ಹೇಳುವುದಾದರೆ, ಎಲ್ಲಕ್ಕಿಂತ ಮೊದಲು ಬೇಕಾದುದು ಬಣ್ಣವಲ್ಲ. ಆ ಹೊತ್ತು ರೋಗಿಯ ಬಳಿ ಕೂರುವ ಇನ್ನೊಬ್ಬ ವ್ಯಕ್ತಿ. ನನ್ನ ಪತ್ನಿ ಅತ್ತೆಯವರ ಬಳಿ ಕೂರದೆ ಇದ್ದಿದ್ದರೆ ಅಕ್ಕ ಹಾಳೆಯ ಮುಂದೆ ಐದು ನಿಮಿಷವೂ ಕೂರುತ್ತಿರಲಿಲ್ಲ. ದಾನಿಗಳು ಸಾಮಗ್ರಿ ಕೊಡಲು ಮುಂದೆ ಬರುವುದುಂಟು. ಎರಡು ಗಂಟೆಯ ಕಾವಲನ್ನು ದಾನ ಕೊಡುವವರು ದೊರೆಯುವುದು ಕಷ್ಟ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹತ್ತು ಮಂದಿ ತಿಂಗಳಿಗೆ ಎರಡು ಭಾನುವಾರ ಹೀಗೆ ಕೂರಲು ಒಪ್ಪಿದರೆ, ರಜಾದಿನದಲ್ಲಿ ಬೀಗ ಹಾಕಿರುವ ಯಾವ ಶಾಲೆಯ ಡ್ರಾಯಿಂಗ್ ಕೊಠಡಿಯೂ ಈ ಕೆಲಸಕ್ಕೆ ಸಾಕಾಗುತ್ತದೆ.

ಕೂಟದಲ್ಲಿ ಆರರಿಂದ ಎಂಟು ಮಂದಿ ಇದ್ದರೆ ಒಳ್ಳೆಯದು. ಪೆನ್ಸಿಲನ್ನೂ ರಬ್ಬರನ್ನೂ ಮೊದಲ ದಿನಗಳಲ್ಲಿ ಮೇಜಿನ ಮೇಲಿಡಬಾರದು. ಪೆನ್ಸಿಲು ಹಿಡಿದೊಡನೆ ಜನರಿಗೆ ಪರೀಕ್ಷೆಯ ನೆನಪಾಗುತ್ತದೆ. ರಬ್ಬರು ಕಂಡರೆ ಬರೆದುದಕ್ಕಿಂತ ಅಳಿಸಿದುದೇ ಹೆಚ್ಚಾಗುತ್ತದೆ. ಕ್ರೇಯಾನ್ ಅಥವಾ ಆಯಿಲ್ ಪೇಸ್ಟಲ್ ಒತ್ತಿದಷ್ಟೂ ಬಣ್ಣ ಬಿಡುವುದರಿಂದ ದಣಿದ ಕೈಗೂ ಒದಗುತ್ತದೆ. ನೀರುಬಣ್ಣವು ಹೇಳಿದ ಮಾತು ಕೇಳದೆ ಹರಡುವಂಥದಾದ್ದರಿಂದ, ಮನೆಯಲ್ಲಿ ಏನೂ ತನ್ನ ಹಿಡಿತದಲ್ಲಿಲ್ಲವೆಂದು ಬೇಯುತ್ತಿರುವವರಿಗೆ ಅದನ್ನು ಆರಂಭದಲ್ಲಿಯೇ ಕೊಡುವುದು ನನಗೆ ಸರಿಕಾಣದು. ಮಣ್ಣಿನ ವಿಷಯದಲ್ಲಿ ನಾವು ಅದೃಷ್ಟವಂತರು. ದಂಡಿನ ಪಾಟರಿ ಟೌನಿನಲ್ಲಿ ಗಣೇಶನ ಮೂರ್ತಿ, ಹಣತೆಗಳನ್ನು ಮಾಡುವ ಕುಂಬಾರ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಹದಮಾಡಿದ ಮಣ್ಣನ್ನು ಅಲ್ಲಿಂದಲೇ ನಾನು ತಂದಿದ್ದೇನೆ. ಗುದ್ದಿದರೂ ಹಿಸುಕಿದರೂ ತಿರುಗಿ ಮಾತನಾಡದ ವಸ್ತು ಅದು. ದಿನವಿಡೀ ಮೃದುವಾಗಿ ಎತ್ತಿ, ಮೃದುವಾಗಿ ಒರಸಿ, ಮೃದುವಾಗಿ ಮಾತನಾಡಬೇಕಾದವರಿಗೆ ಅದನ್ನು ಗುದ್ದುವುದರಲ್ಲಿರುವ ಸುಖವನ್ನು ನೋಡಿಯೇ ತಿಳಿಯಬೇಕು.

ಹಾಗಾದರೆ ನಮ್ಮ ಹೆಂಗಸರು ಮೊದಲಿನಿಂದಲೂ ಮಾಡುತ್ತಿರುವ ರಂಗೋಲಿ, ಕಸೂತಿ, ಕೌದಿಗಳೇ ಸಾಲದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಾಧುವಾದುದು. ಧಾರವಾಡದ ಕಡೆಯ ಕಸೂತಿಯಲ್ಲಿ ಎಳೆ ಎಣಿಸುತ್ತ ಕುಳಿತವಳ ಚಿಂತೆ ಆ ಹೊತ್ತು ಹಿಂದೆ ಸರಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಹಳೆಯ ಸೀರೆಗಳ ಚೂರುಗಳನ್ನು ಜೋಡಿಸಿ ಕೌದಿ ಹೊಲಿಯುತ್ತ ನಾಲ್ವರು ಹೆಂಗಸರು ಕುಳಿತಾಗ ಆಡದ ಮಾತುಂಟೇ! ಹೊಸ ಹೆಸರಿನ ಚಿಕಿತ್ಸೆಗೆ ಸಮಾನವಾದುದು ನಮ್ಮ ಜಗಲಿಗಳಲ್ಲಿ ಇದ್ದೇ ಇತ್ತು. ಆದರೆ ರಂಗೋಲಿ ಹೊತ್ತಿಗೆ ಸರಿಯಾಗಿ ಮುಗಿಯಬೇಕು, ದಾರಿಹೋಕರ ಕಣ್ಣಿಗೆ ಚೆನ್ನಾಗಿರಬೇಕು; ಕೌದಿ ಯಾರಿಗಾದರೂ ಹೊದೆಯಲು ಬರಬೇಕು. ಶುಶ್ರೂಷೆಯ ಮನೆಯಲ್ಲಿ ಅವೂ ಮತ್ತೊಂದು ಕರ್ತವ್ಯವಾಗಿ ಸೇರಿಕೊಳ್ಳುತ್ತವೆ. ಅಕ್ಕನ ಎರಡು ಗೆರೆಯ ರಂಗೋಲಿ ಅಂಥದು. ಯಾರಿಗೂ ಉಪಯೋಗವಿಲ್ಲದ, ಯಾರೂ ಮೆಚ್ಚಬೇಕಾಗಿಲ್ಲದ ಕೆಲಸವೆಂಬುದೇ ಕೂಟದ ಹಾಳೆಯ ಗುಣ. ಅದೇ ಹೆಂಗಸಿಗೆ ಅದೇ ಚುಕ್ಕಿಗಳನ್ನು ಹಾಳೆಯ ಮೇಲೆ ಇಡಲು ಹೇಳಿ, ಮುಗಿಸದೆ ಬಿಟ್ಟರೂ ಚಿಂತೆಯಿಲ್ಲವೆಂದರೆ, ಆಗ ರಂಗೋಲಿಯೂ ಬೇರೆಯೇ ಆಗುತ್ತದೆ.

ಮೇಲ್ವಿಚಾರಣೆಗೆ ತರಬೇತಿ ಪಡೆದ ಕಲಾಚಿಕಿತ್ಸಕರೋ ಆಪ್ತಸಲಹಾಕಾರರೋ ದೊರೆತರೆ ಅತ್ಯುತ್ತಮ. ದೊರೆಯದಿದ್ದಲ್ಲಿ ಚಿತ್ರಕಲಾ ಉಪಾಧ್ಯಾಯರು ತಮ್ಮ ಕೆಲಸವನ್ನು ‘ಚಿಕಿತ್ಸೆ’ಯೆಂದು ಕರೆಯದೆ, ಒಂದು ವಿರಾಮದ ಕೂಟವೆಂದಷ್ಟೇ ಕರೆಯುವುದು ಪ್ರಾಮಾಣಿಕತೆ. ‘ಇದೇನು?’ ಎಂದು ಕೇಳಬಾರದು; ‘ಹೇಳಬೇಕೆನಿಸಿದರೆ ಹೇಳಿ’ ಎಂದರೆ ಸಾಕು. ಚಿತ್ರವನ್ನು ನೋಡಿ ಬರೆದವರ ಮನಸ್ಸನ್ನು ಓದಿದೆನೆಂಬ ಜಂಭ ಉಪಾಧ್ಯಾಯರಿಗೆ ಬೇಗ ಬರುತ್ತದೆ, ನನಗೂ ಬಂದಿತ್ತು. ಯಾರಾದರೂ ತಾನು ಬದುಕಿರಬಾರದೆಂಬಂತೆ ಮಾತನಾಡಿದರೆ, ಹಲವು ವಾರ ಊಟ ನಿದ್ದೆ ಬಿಟ್ಟವರಂತೆ ಕಂಡರೆ, ಬಣ್ಣದ ಪೆಟ್ಟಿಗೆಯನ್ನು ಮುಚ್ಚಿ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಯಾವ ಹೊತ್ತಿನಲ್ಲಿಯಾದರೂ ಶುಲ್ಕವಿಲ್ಲದೆ ಮಾತನಾಡಬಹುದು, ಕನ್ನಡದಲ್ಲಿಯೂ ಉತ್ತರ ದೊರೆಯುತ್ತದೆ.

ಕೂಟ ಮುಗಿದ ಮೇಲೆ ಹಾಳೆಗಳನ್ನೇನು ಮಾಡಬೇಕೆಂಬ ಪ್ರಶ್ನೆ ಬರುತ್ತದೆ. ವಾರ್ಷಿಕೋತ್ಸವದ ಪ್ರದರ್ಶನದಲ್ಲಿ ತೂಗುಹಾಕೋಣವೆಂಬ ಆಸೆ ನಮಗೆ ಸಹಜ. ದಾನಿಗಳಿಗೂ ತೋರಿಸಲು ಏನಾದರೂ ಬೇಕಲ್ಲ! ಆದರೆ ಅವು ಬರೆದವರ ಸ್ವತ್ತು. ಕೆಲವರು ಮಡಿಚಿ ಮನೆಗೊಯ್ಯುತ್ತಾರೆ, ಕೆಲವರು ಅಲ್ಲಿಯೇ ಹರಿದು ಬುಟ್ಟಿಗೆ ಹಾಕುತ್ತಾರೆ. ಮಣ್ಣಿನಲ್ಲಿ ಮಾಡಿದುದನ್ನು ಬಹುಮಂದಿ ತಾವೇ ಮುದ್ದೆಮಾಡಿ ಡಬ್ಬಿಗೆ ಹಿಂದಿರುಗಿಸುತ್ತಾರೆ. ಅತ್ತೆಯವರು ತೀರಿಕೊಂಡು ಈಗ ಮೂರು ವರ್ಷಗಳಾದವು. ಆ ಬಾಗಿಲಿನ ಚಿತ್ರವನ್ನು ಅಕ್ಕ ಇನ್ನೂ ಅಡುಗೆಮನೆಯ ಗೂಡಿನಲ್ಲಿ, ರೇಷನ್ ಕಾರ್ಡಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಏಕೆಂದು ನಾನು ಕೇಳಿಲ್ಲ.